ಆ ಇಬ್ಬರ ನಡುವೆ ಅಡ್ಡ ನಿಂತಿರುವುದು ಏನು?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ಓದಿಕೊಂಡು ಬೆಳೆದವಳು. ಕಳೆದ ರಜೆಯಲ್ಲಿ ಮಗಳು ‘ರೆಡ್, ವೈಟ್ ಆ್ಯಂಡ್ ರಾಯಲ್ ಬ್ಲೂ’ ಅನ್ನುವ ಇಂಗ್ಲಿಷ್ ಕಾದಂಬರಿ ಕೊಟ್ಟು ಹೋದಳು. ಇಬ್ಬರು ಹುಡುಗರ ಪ್ರೇಮಕಥೆ. ತುಂಬಾ ಇಷ್ಟವಾಯಿತು. ಗೆಳತಿಗೆ ಹೇಳಿದರೆ, ‘ಎಲ್ಲ ಸುಖಾಂತ, ನಿಜ ಜೀವನದಲ್ಲಿ ಎಲ್ಲಿ ಹಾಗಾಗುತ್ತೆ? ಸುಮ್ನೆ ಟೈಮ್‌ಪಾಸ್’ ಅಂದಳು. ನನಗೆ ಇಂಥವನ್ನು ಇನ್ನೂ ಓದುವ ಆಸೆ. ಎಲ್ಲಿಂದ ಶುರು ಮಾಡಲಿ? ಮಗಳು ಫ್ಯಾಂಟಸಿ ಓದು ಅನ್ನುತ್ತಾಳೆ. ಮಂತ್ರ, ಡ್ರ್ಯಾಗನ್ ನನಗೆ ಒಗ್ಗುತ್ತದಾ ಅಂತ ಅಳುಕು. ಒಳ್ಳೆಯ ಪುಸ್ತಕ ಯಾವುದು, ಫ್ಯಾಷನ್‌ಗೆ ಬರೆದದ್ದು ಯಾವುದು ಅಂತ ಗುರುತಿಸುವುದು ಹೇಗೆ? ಬೆಡ್‌ರೂಮ್ ದೃಶ್ಯಗಳು ಎಷ್ಟಿವೆ ಅಂತ ಮೊದಲೇ ತಿಳಿಯುತ್ತದಾ? ಶಾಲೆಯ ಮಕ್ಕಳೂ ಪುಸ್ತಕ ಕೇಳುತ್ತಾರೆ. ನಮ್ಮಲ್ಲಿ, ನಮ್ಮ ಭಾಷೆಯಲ್ಲಿ ಇಂಥದ್ದು ಇದೆಯಾ?

ಉತ್ತರ: ನಿಮ್ಮ ಗೆಳತಿಯ ಮಾತಿನಿಂದಲೇ ಶುರು ಮಾಡುತ್ತೇನೆ. ಮುಂದೆ ಯಾವ ಪುಸ್ತಕ ಆರಿಸಬೇಕು ಅನ್ನುವುದಕ್ಕೂ ಆ ಮಾತಿಗೂ ನೇರ ಸಂಬಂಧವಿದೆ.

ಪ್ರೇಮ ಕಾದಂಬರಿ ಓದುಗರಿಗೆ ಮೊದಲ ಪುಟದಲ್ಲೇ ಒಂದು ಭರವಸೆ ಕೊಡುತ್ತದೆ. ಕಥೆಯ ಕೇಂದ್ರದಲ್ಲಿ ಪ್ರೀತಿಯೇ ಇರುತ್ತದೆ, ಕೊನೆಯಲ್ಲಿ ಪ್ರೀತಿಸಿದವರು ಜೊತೆಗಿರುತ್ತಾರೆ. ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಈ ಪ್ರಕಾರಕ್ಕೆ ಕೊಟ್ಟ ವ್ಯಾಖ್ಯೆಯೂ ಹೆಚ್ಚುಕಡಿಮೆ ಇದೇ. ಪತ್ತೇದಾರಿ ಕಾದಂಬರಿಯ ಕೊನೆಗೆ ಕೊಲೆಗಾರ ಸಿಕ್ಕಿಬಿದ್ದ ಅಂತ ಯಾರೂ ದೂರುವುದಿಲ್ಲ, ಅಲ್ವಾ? ಇಲ್ಲೂ ಹಾಗೆಯೇ. ಕೊನೆ ಗೊತ್ತಿದ್ದೇ ಓದುತ್ತೇವೆ. ಅಲ್ಲಿಗೆ ಹೇಗೆ ತಲುಪುತ್ತಾರೆ ಅನ್ನುವುದೇ ಓದಿನ ಸುಖ.

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಗಳಿಗೆ ಮಾತ್ರ ಈ ಭರವಸೆ ಬಹಳ ಕಾಲ ಸಿಗಲೇ ಇಲ್ಲ. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ‘ಮಾರಿಸ್’ ಕಾದಂಬರಿ ಬರೆದದ್ದು 1913-14ರಲ್ಲಿ. ಅದರಲ್ಲಿ ಇಬ್ಬರು ಗಂಡಸರು ಕೊನೆಗೆ ಒಂದಾಗುತ್ತಾರೆ. ಸುಖಾಂತ ಇರಲೇಬೇಕು ಅಂತ ಅವರು ಹಟ ಹಿಡಿದು ಬರೆದರು. ಆಗ ಇಂಗ್ಲೆಂಡಿನಲ್ಲಿ ಅಂಥ ಪ್ರೀತಿ ಜೈಲಿಗೆ ಕಳಿಸುವ ಅಪರಾಧ. ಕಾನೂನು ಬದಲಾದದ್ದು 1967ರಲ್ಲಿ. ಫಾರ್ಸ್ಟರ್ ಹಸ್ತಪ್ರತಿಯನ್ನು ಆಪ್ತರಿಗೆ ಮಾತ್ರ ತೋರಿಸಿದರು. 1970ರಲ್ಲಿ ತೀರಿಕೊಂಡರು. ಪುಸ್ತಕ ಬಂದದ್ದು 1971ರಲ್ಲಿ. ಒಂದು ಸುಖಾಂತ ಐವತ್ತಕ್ಕೂ ಹೆಚ್ಚು ವರ್ಷ ಬೀರುವಿನಲ್ಲಿ ಕೂತಿತ್ತು.

ಅಮೆರಿಕದಲ್ಲಿ 1952ರಲ್ಲಿ ಎರಡು ಪುಸ್ತಕ ಬಂದವು. ಒಂದು ವಿನ್ ಪ್ಯಾಕರ್ ಹೆಸರಿನಲ್ಲಿ ಮರಿಜೇನ್ ಮೀಕರ್ ಬರೆದ ‘ಸ್ಪ್ರಿಂಗ್ ಫೈರ್’. ಕಾಲೇಜು ಹುಡುಗಿಯರಿಬ್ಬರ ಪ್ರೇಮ. ಸುಖಾಂತ ಬರೆದರೆ ಅಂಚೆಯವರು ಪುಸ್ತಕ ತಡೆಹಿಡಿಯುತ್ತಾರೆ ಅಂತ ಪ್ರಕಾಶಕರಿಗೆ ಭಯ. ಅದಕ್ಕೇ ಕೊನೆಯಲ್ಲಿ ಒಬ್ಬಳಿಗೆ ಬುದ್ಧಿಭ್ರಮಣೆಯಾಗುತ್ತದೆ, ಇನ್ನೊಬ್ಬಳು ತಾನು ಅವಳನ್ನು ನಿಜವಾಗಿ ಪ್ರೀತಿಸಿರಲೇ ಇಲ್ಲ ಅಂತ ತೀರ್ಮಾನಿಸುತ್ತಾಳೆ. ಎರಡನೆಯದು ಪ್ಯಾಟ್ರೀಷಿಯಾ ಹೈಸ್ಮಿತ್ ಬೇರೆ ಹೆಸರಿನಲ್ಲಿ ಬರೆದ ‘ದ ಪ್ರೈಸ್ ಆಫ್ ಸಾಲ್ಟ್’. ಇದರಲ್ಲಿ ಇಬ್ಬರು ಹೆಂಗಸರೂ ಬದುಕುತ್ತಾರೆ, ಕೊನೆಗೆ ಮತ್ತೆ ಒಬ್ಬರ ಬಳಿ ಒಬ್ಬರು ಬರುತ್ತಾರೆ. ಅಷ್ಟಕ್ಕೇ ಅವರಿಗೆ ಓದುಗರ ಪತ್ರಗಳ ಮಹಾಪೂರ. ಅಲ್ಲಿಯವರೆಗಿನ ಕಾದಂಬರಿಗಳಲ್ಲಿ ಇಂಥ ಪಾತ್ರಗಳು ಸಾಯಬೇಕಿತ್ತು, ಇಲ್ಲವೇ ‘ಸರಿಹೋಗ’ಬೇಕಿತ್ತು ಅಂತ ಹೈಸ್ಮಿತ್ ಮುಂದೆ ಬರೆದುಕೊಂಡಿದ್ದಾರೆ. ಸ್ವಂತ ಹೆಸರಿನಲ್ಲಿ ಆ ಪುಸ್ತಕ ‘ಕ್ಯಾರಲ್’ ಆಗಿ ಬಂದದ್ದು 1990ರಲ್ಲಿ.

ನಮ್ಮ ದೇಶವನ್ನೇ ನೋಡಿ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂನಿಂದ 2009ರಲ್ಲಿ ದೆಹಲಿ ಹೈಕೋರ್ಟ್ ಬಿಡುಗಡೆ ಕೊಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತುಕೊಂಡಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಮತ್ತೆ ಕೊಟ್ಟಿತು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್‌ನಲ್ಲಿ ಕೋರ್ಟ್ ಕೊಡಲಿಲ್ಲ. ಇಷ್ಟೆಲ್ಲ ಗೊತ್ತಿದ್ದ ಮೇಲೆ ಇಬ್ಬರು ಹುಡುಗರು ಕೊನೆಯ ಪುಟದಲ್ಲಿ ಕೈಕೈ ಹಿಡಿದು ಮನೆಯ ಬಾಗಿಲು ತೆರೆಯುವುದು ನನಗೆ ಟೈಮ್‌ಪಾಸ್ ಅನಿಸುವುದಿಲ್ಲ. ಕಾನೂನು, ಅಂಚೆ, ಪ್ರಕಾಶಕ, ಎಲ್ಲರೂ ಸೇರಿ ತಡೆದಿದ್ದ ಪುಟ ಅದು.

ಈಗ ಪುಸ್ತಕ ಆರಿಸುವ ವಿಷಯ. ನಾನು ಪ್ರತಿ ಪ್ರೇಮ ಕಾದಂಬರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಇಬ್ಬರ ನಡುವೆ ಅಡ್ಡ ನಿಂತಿರುವುದು ಏನು? ಪ್ರೇಮ ಕಾದಂಬರಿಯ ಜೀವ ಅಲ್ಲಿದೆ. ಕ್ವಿಯರ್ ಕಾದಂಬರಿಯಲ್ಲಂತೂ, ಅಂದರೆ ಗಂಡು-ಹೆಣ್ಣಿನ ಮಾಮೂಲು ಚೌಕಟ್ಟಿನ ಆಚೆಗಿನವರ ಕಥೆಯಲ್ಲಂತೂ, ಬರೆದವರ ಮನಸ್ಸು ಎಲ್ಲಿದೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ‘ಇಬ್ಬರೂ ಗಂಡಸರು’ ಅನ್ನುವುದೊಂದೇ ತೊಡಕಾಗಿದ್ದರೆ ಆ ಪಾತ್ರಗಳಿಗೆ ಬೇರೆ ಬದುಕೇ ಕೊಟ್ಟಿಲ್ಲ ಅಂತ ಅರ್ಥ. ಒಳ್ಳೆಯ ಪುಸ್ತಕದಲ್ಲಿ ತೊಡಕು ಆ ಇಬ್ಬರ ಸ್ವಭಾವದಿಂದ, ಕೆಲಸದಿಂದ, ಮನೆಯಿಂದ, ಹಳೆಯ ಗಾಯದಿಂದ ಹುಟ್ಟುತ್ತದೆ. ಲೋಕದ ವಿರೋಧವೂ ಇರಬಹುದು. ಅದು ಮಾತ್ರವೇ ಇರಬಾರದು.

ನೀವು ಓದಿದ ಪುಸ್ತಕವನ್ನೇ ತೆಗೆದುಕೊಳ್ಳಿ. ಕೇಸಿ ಮೆಕ್ವಿಸ್ಟನ್ ಅವರ ಆ ಕಾದಂಬರಿ ಬಂದದ್ದು 2019ರಲ್ಲಿ. ಅಲೆಕ್ಸ್ ಅಮೆರಿಕದ ಅಧ್ಯಕ್ಷೆಯ ಮಗ, ಅಪ್ಪನ ಕಡೆಯಿಂದ ಮೆಕ್ಸಿಕನ್ ಮೂಲದವನು. ಹೆನ್ರಿ ಇಂಗ್ಲೆಂಡಿನ ರಾಜಕುಮಾರ. ಇಬ್ಬರ ಬದುಕೂ ಸಾರ್ವಜನಿಕರ ಸ್ವತ್ತು. ಅಲೆಕ್ಸ್‌ನ ಅಮ್ಮನಿಗೆ ಚುನಾವಣೆ, ಹೆನ್ರಿಯ ಮನೆತನಕ್ಕೆ ಸಿಂಹಾಸನ. ಖಾಸಗಿ ಪತ್ರ ಬಯಲಾದಾಗ ನಮಗೆ ಸಂಕಟವಾಗುವುದು ಅದಕ್ಕೇ. ತಾನು ಯಾರು ಅಂತ ಹೇಳುವ ಹಕ್ಕು ತನ್ನದೇ ಕೈಯಲ್ಲಿ ಇರಬೇಕು ಅನ್ನುವುದು ಆ ಪುಸ್ತಕದ ನಿಜವಾದ ವಿಷಯ. ಹಾಸ್ಯದ ಒಳಗೆ ಅದನ್ನು ಎಷ್ಟು ಚೆನ್ನಾಗಿ ಇಟ್ಟಿದ್ದಾರೆ!

ಇದು ಇಷ್ಟವಾಗಿದ್ದರೆ ಮುಂದಿನದು ಅಲೆಕ್ಸಿಸ್ ಹಾಲ್ ಅವರ ‘ಬಾಯ್‌ಫ್ರೆಂಡ್ ಮೆಟೀರಿಯಲ್’ ಆಗಲಿ, 2020ರದ್ದು. ಲಂಡನ್ನಿನಲ್ಲಿ ಲೂಕ್ ಅನ್ನುವವನಿದ್ದಾನೆ. ಅಪ್ಪ ಪ್ರಸಿದ್ಧ ರಾಕ್ ಗಾಯಕ, ಚಿಕ್ಕಂದಿನಲ್ಲೇ ಬಿಟ್ಟುಹೋದವನು. ಹಳೆಯ ಪ್ರೇಮಿ ಇವನ ಗುಟ್ಟುಗಳನ್ನು ಪತ್ರಿಕೆಗೆ ಮಾರಿದ್ದಾನೆ. ಕೆಲಸ ಉಳಿಸಿಕೊಳ್ಳಲು ‘ಮರ್ಯಾದಸ್ಥ’ ಪ್ರೇಮಿಯೊಬ್ಬ ಇದ್ದಾನೆ ಅಂತ ತೋರಿಸಬೇಕು. ಆಗ ಸಿಗುವವನು ವಕೀಲ ಆಲಿವರ್. ಸುಳ್ಳು ಪ್ರೇಮ ನಿಜವಾಗುವ ಕಥೆ ನಮಗೆ ಹೊಸದಲ್ಲ. ಇಲ್ಲಿ ಹೊಸದು ಅಂದರೆ, ಇಬ್ಬರೂ ಗೇ ಅನ್ನುವುದು ಅವರಿಗೂ ಗೆಳೆಯರಿಗೂ ದೊಡ್ಡ ಸಂಗತಿಯೇ ಅಲ್ಲ. ‘ನನ್ನಂಥವನನ್ನು ಯಾರು ಪ್ರೀತಿಸುತ್ತಾರೆ’ ಅನ್ನುವ ಲೂಕ್‌ನ ಅಳುಕು ಅಡ್ಡ ನಿಂತಿದೆ. ಎಲ್ಲದರಲ್ಲೂ ಸರಿಯಾಗಿರಬೇಕು ಅನ್ನುವ ಆಲಿವರ್‌ನ ಹೆದರಿಕೆ ಅಡ್ಡ ನಿಂತಿದೆ. ಆ ಹೆದರಿಕೆ ಎಲ್ಲಿಂದ ಬಂತು ಅಂತ ಅವನ ಅಪ್ಪ ಅಮ್ಮನನ್ನು ನೋಡಿದ ದಿನ ನಮಗೆ ಗೊತ್ತಾಗುತ್ತದೆ.

ಟಾಲಿಯಾ ಹಿಬರ್ಟ್ ಬರೆದ ‘ಟೇಕ್ ಎ ಹಿಂಟ್, ಡ್ಯಾನಿ ಬ್ರೌನ್’ ಬಗ್ಗೆ ನನಗೆ ವಿಶೇಷ ಪ್ರೀತಿ. ಡ್ಯಾನಿ ಬ್ರಿಟನ್ನಿನ ಕಪ್ಪು ಹುಡುಗಿ, ಪಿಎಚ್‌.ಡಿ. ಮಾಡುತ್ತಿರುವವಳು, ಬೈಸೆಕ್ಷುಯಲ್, ಅಂದರೆ ಗಂಡು ಹೆಣ್ಣು ಇಬ್ಬರನ್ನೂ ಪ್ರೀತಿಸಬಲ್ಲವಳು. ಜಾಫಿರ್ ಪಾಕಿಸ್ತಾನಿ ಮೂಲದ ಮುಸ್ಲಿಂ ಹುಡುಗ. ಹಿಂದೆ ರಗ್ಬಿ ಆಡುತ್ತಿದ್ದ, ಈಗ ಯೂನಿವರ್ಸಿಟಿಯಲ್ಲಿ ಸೆಕ್ಯೂರಿಟಿ ಗಾರ್ಡ್. ಗಂಡು-ಹೆಣ್ಣಿನ ಜೋಡಿ, ಮತ್ತೆ ಕ್ವಿಯರ್ ಹೇಗೆ ಅಂತ ಕೇಳಬಹುದು. ಹುಡುಗನನ್ನು ಪ್ರೀತಿಸಿದ ಮಾತ್ರಕ್ಕೆ ಡ್ಯಾನಿ ಬೈಸೆಕ್ಷುಯಲ್ ಆಗಿರುವುದು ನಿಲ್ಲುವುದಿಲ್ಲ. ಕಾದಂಬರಿ ಅದನ್ನು ಒಂದೇ ಒಂದು ಭಾಷಣವಿಲ್ಲದೆ ಕಾಣಿಸುತ್ತದೆ. ಇನ್ನೊಂದು ಸೊಗಸು, ಜಾಫಿರ್ ಸ್ವತಃ ಪ್ರೇಮ ಕಾದಂಬರಿಗಳ ಓದುಗ. ಅಪ್ಪನನ್ನೂ ಅಣ್ಣನನ್ನೂ ಅಪಘಾತದಲ್ಲಿ ಕಳೆದುಕೊಂಡವನು. ಆತಂಕದಲ್ಲಿ ಒದ್ದಾಡುವವನಿಗೆ ಕೊನೆ ಚೆನ್ನಾಗಿಯೇ ಇರುತ್ತದೆ ಅನ್ನುವ ಪುಸ್ತಕ ಎಷ್ಟು ಆಸರೆ ಅಂತ ಅವನನ್ನು ನೋಡಿದರೆ ತಿಳಿಯುತ್ತದೆ. ನಿಮ್ಮ ಗೆಳತಿಗೆ ಇದನ್ನೇ ಕೊಡಿ. ಬೆಡ್‌ರೂಮ್ ದೃಶ್ಯಗಳು ಬಿಚ್ಚುಮನಸ್ಸಿನವು ಅಂತ ಮಾತ್ರ ಮೊದಲೇ ಹೇಳಿ ಕೊಡಿ.

‘ಜನ ಏನಂತಾರೆ’ ಅನ್ನುವ ಗೋಡೆ ನಮಗೆಲ್ಲ ಗೊತ್ತಿರುವುದೇ. ಅದನ್ನು ಚೆನ್ನಾಗಿ ಬರೆದವರು ಅದಿಬಾ ಜೈಗೀರ್‌ದಾರ್. ಅವರ ‘ದ ಹೆನ್ನಾ ವಾರ್ಸ್’ 2020ರಲ್ಲಿ ಬಂತು. ಡಬ್ಲಿನ್‌ನಲ್ಲಿ ಬಾಂಗ್ಲಾದೇಶಿ ಕುಟುಂಬದ ಹುಡುಗಿ ನಿಶಾತ್. ತನಗೆ ಹುಡುಗಿಯರು ಇಷ್ಟ ಅಂತ ಪುಸ್ತಕದ ಶುರುವಿನಲ್ಲೇ ಅಪ್ಪ ಅಮ್ಮನಿಗೆ ಹೇಳಿಬಿಡುತ್ತಾಳೆ. ಕೂಗಾಟವಿಲ್ಲ, ಹೊಡೆತವಿಲ್ಲ. ಮನೆ ತುಂಬ ಮೌನ. ಆ ಮೌನದ ಭಾರ ನಮ್ಮ ಮನೆಗಳವರಿಗೆ ವಿವರಿಸಬೇಕಾಗಿಲ್ಲ. ಜೊತೆಗೆ ನಿಶಾತ್ ಮೆಚ್ಚಿದ ಹುಡುಗಿ ಫ್ಲಾವಿಯಾ, ಶಾಲೆಯ ವ್ಯಾಪಾರ ಸ್ಪರ್ಧೆಯಲ್ಲಿ ತಾನೂ ಮೆಹಂದಿಯ ಅಂಗಡಿ ಇಡುತ್ತಾಳೆ. ಮೆಹಂದಿ ಹಾಕುವುದನ್ನು ಅಜ್ಜಿಯಿಂದ ಕಲಿತ ನಿಶಾತ್‌ಗೆ ಸಿಟ್ಟು ಬರುತ್ತದೆ. ಹಾಗಾಗಿ ಇಲ್ಲಿ ತೊಡಕು ಎರಡು ಕಡೆಯಿಂದ: ಮನೆಯವರಿಗೆ ಅವಳ ಪ್ರೀತಿ ಬೇಡ, ಊರಿನವರಿಗೆ ಅವಳ ಬಣ್ಣ ಬೇಡ. ನಿಶಾತ್‌ಳ ತಂಗಿ ಪ್ರೀತಿ ಇದ್ದಾಳಲ್ಲ, ಆ ಪಾತ್ರಕ್ಕಾಗಿಯೇ ಪುಸ್ತಕ ಓದಬಹುದು.

ಇನ್ನೂ ಗಟ್ಟಿಯಾದದ್ದು ಬೇಕಾದರೆ ಮಲಿಂಡಾ ಲೋ ಅವರ ‘ಲಾಸ್ಟ್ ನೈಟ್ ಅಟ್ ದ ಟೆಲಿಗ್ರಾಫ್ ಕ್ಲಬ್’ ಇದೆ. 1954ರ ಸ್ಯಾನ್ ಫ್ರಾನ್ಸಿಸ್ಕೊ, ಚೈನಾಟೌನ್, 17 ವರ್ಷದ ಲಿಲಿ. ಕಮ್ಯುನಿಸ್ಟರ ಬೇಟೆಯ ಕಾಲ. ಅಪ್ಪನ ಪೌರತ್ವದ ಕಾಗದಕ್ಕೇ ಕುತ್ತು. ಮಗಳು ಒಬ್ಬ ಬಿಳಿ ಹುಡುಗಿಯನ್ನು ಪ್ರೀತಿಸುತ್ತಾಳೆ ಅನ್ನುವುದು ಮನೆಯೊಂದರ ಗುಟ್ಟಾಗಿ ಉಳಿಯಲು ಅಲ್ಲಿ ಜಾಗವೇ ಇಲ್ಲ. 2021ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಪುಸ್ತಕ ಇದು.

ಫ್ಯಾಂಟಸಿ ಬಗ್ಗೆ ನಿಮಗೆ ಅಳುಕು ಯಾಕೆ? ಗಿರೀಶ ಕಾರ್ನಾಡರ ‘ನಾಗಮಂಡಲ’ ನಿಮಗೆ ಗೊತ್ತೇ ಇರುತ್ತದೆ. ಹಾವು ಗಂಡನ ರೂಪದಲ್ಲಿ ಬಂದು ರಾಣಿಯನ್ನು ಪ್ರೀತಿಸುತ್ತದೆ. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಹುಟ್ಟಿದ ನಾಟಕ. ಅದು ಫ್ಯಾಂಟಸಿ ಪ್ರೇಮಕಥೆ ಅಲ್ಲದೆ ಮತ್ತೇನು? ನೀವು ಯಾವಾಗಲೋ ದಾಟಿದ ಹೊಸ್ತಿಲು ಅದು.

ಇಂಗ್ಲಿಷಿನ ಪುಸ್ತಕಗಳಿಗೆ ಹೋಗುವ ಮೊದಲು ರಾಜಸ್ಥಾನದ ಒಂದು ಕಥೆ ಹೇಳಲೇಬೇಕು. ಜೋಧ್‌ಪುರದ ಹತ್ತಿರ ಬೋರುಂದಾ ಅನ್ನುವ ಹಳ್ಳಿಯಲ್ಲಿದ್ದ ವಿಜಯದಾನ್ ದೇಥಾ ಜನಪದ ಕಥೆಗಳನ್ನು ತಮ್ಮದೇ ರೀತಿಯಲ್ಲಿ ಮತ್ತೆ ಬರೆದವರು. ಅವರ ಒಂದು ಕಥೆಗೆ ಹಿಂದಿಯಲ್ಲಿ ‘ದೋಹರಿ ಜಿಂದಗಿ’ ಅಂತ ಹೆಸರು. ಇಬ್ಬರು ಸೇಠ್‌ಗಳು ಮಕ್ಕಳು ಹುಟ್ಟುವ ಮೊದಲೇ ಬೀಗರಾಗುವ ಮಾತು ಕೊಟ್ಟುಕೊಳ್ಳುತ್ತಾರೆ. ಹುಟ್ಟುವುದು ಇಬ್ಬರಿಗೂ ಹೆಣ್ಣು. ಒಬ್ಬ ಆಸೆಬುರುಕ ಅದನ್ನು ಮುಚ್ಚಿಟ್ಟು ಮಗಳು ಬೀಜಾಳನ್ನು ಗಂಡಾಗಿ ಬೆಳೆಸುತ್ತಾನೆ. ಮದುವೆಯೂ ಆಗುತ್ತದೆ. ಮೊದಲ ರಾತ್ರಿ ಬೀಜಾ, ತೀಜಾ ಇಬ್ಬರಿಗೂ ಸತ್ಯ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಜೊತೆಗಿರಲು ತೀರ್ಮಾನಿಸುತ್ತಾರೆ. ಊರು ಸಹಿಸುವುದಿಲ್ಲ. ಆಸರೆ ಕೊಡುವವರು ಯಾರು? ದೆವ್ವಗಳು! ಊರಾಚೆಯ ದೆವ್ವಗಳ ನಾಯಕ ಇವರ ಧೈರ್ಯಕ್ಕೆ ಮೆಚ್ಚಿ ಅರಮನೆಯನ್ನೇ ಕಟ್ಟಿಕೊಡುತ್ತಾನೆ.

ಕಥೆ ಅಲ್ಲಿಗೇ ಮುಗಿದಿದ್ದರೂ ಚೆನ್ನಾಗಿರುತ್ತಿತ್ತು. ದೇಥಾ ಇನ್ನೂ ಮುಂದೆ ಹೋಗುತ್ತಾರೆ. ಬೀಜಾ ತನಗೆ ಗಂಡಿನ ದೇಹ ಬೇಕು ಅನ್ನುತ್ತಾಳೆ, ದೆವ್ವ ಕೊಡುತ್ತದೆ. ದೇಹದ ಜೊತೆ ಗಂಡಸಿನ ಗತ್ತೂ ಬರುತ್ತದೆ. ತೀಜಾಳ ಮೇಲೆ ದರ್ಪ ಶುರು. ಊರು ಬೇರೆ ಮಾಡಲಾಗದ ಜೋಡಿಯನ್ನು ಆ ದರ್ಪ ಒಡೆಯುವಷ್ಟಕ್ಕೆ ತರುತ್ತದೆ. ಕೊನೆಗೆ ಬೀಜಾ ಮತ್ತೆ ಹೆಣ್ಣಾಗುತ್ತಾಳೆ, ಇಬ್ಬರೂ ದೆವ್ವಗಳ ನೆರಳಲ್ಲಿ ಸುಖವಾಗಿರುತ್ತಾರೆ. ಅಡ್ಡ ನಿಂತಿರುವುದು ಏನು ಅನ್ನುವ ಪ್ರಶ್ನೆಗೆ ನಾನು ಓದಿದ ಅತಿ ದಿಟ್ಟ ಉತ್ತರ ಇದು. ರೂತ್ ವನಿತಾ ಮತ್ತು ಸಲೀಂ ಕಿದ್ವಾಯಿ ಸೇರಿ 2000ದಲ್ಲಿ ತಂದ ‘ಸೇಮ್-ಸೆಕ್ಸ್ ಲವ್ ಇನ್ ಇಂಡಿಯಾ’ ಸಂಕಲನದಲ್ಲಿ ಇದರ ಇಂಗ್ಲಿಷ್ ಅನುವಾದವಿದೆ. ಹುಡುಕಿ ಓದಿ.

ಫ್ಯಾಂಟಸಿಯ ಬಲ ಇಲ್ಲಿದೆ. ಲೋಕದ ಕಟ್ಟಳೆಯನ್ನು ಬರೆಯುವವರೇ ಹಾಕುತ್ತಾರೆ. ಬೇಕೆಂದರೆ ನಮ್ಮ ಲೋಕದ ದ್ವೇಷವನ್ನು ಒಳಗೆ ಬಿಟ್ಟುಕೊಳ್ಳಬಹುದು, ಬೇಡವೆಂದರೆ ಬಾಗಿಲಲ್ಲೇ ನಿಲ್ಲಿಸಬಹುದು. ಮಲಿಂಡಾ ಲೋ ಅವರದೇ ‘ಆ್ಯಶ್’ 2009ರದ್ದು, ಸಿಂಡ್ರೆಲಾ ಕಥೆಯನ್ನು ತಿರುಗಿಸಿ ಹೇಳಿದ್ದು. ಅಲ್ಲಿ ಹುಡುಗಿ ರಾಜನ ಬೇಟೆಗಾರ್ತಿಯನ್ನು ಮೆಚ್ಚುತ್ತಾಳೆ. ಆ ಲೋಕದಲ್ಲಿ ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಅವಳನ್ನು ಹಿಡಿದಿಟ್ಟಿರುವುದು ಸತ್ತ ಅಮ್ಮನ ದುಃಖ ಮತ್ತು ಯಕ್ಷಲೋಕದವನೊಬ್ಬನಿಗೆ ಕೊಟ್ಟ ಮಾತು.

ಇಂಗ್ಲಿಷ್ ಫ್ಯಾಂಟಸಿಗಳಲ್ಲಿ ನಿಮಗೆ ನಾನು ಮೊದಲು ಕೊಡುವುದು ಟಿ.ಜೆ. ಕ್ಲೂನ್ ಅವರ ‘ದ ಹೌಸ್ ಇನ್ ದ ಸೆರೂಲಿಯನ್ ಸೀ’, 2020ರದ್ದು. ಲೈನಸ್ ಬೇಕರ್ ನಲವತ್ತು ವರ್ಷದ ಸರ್ಕಾರಿ ನೌಕರ. ಮಾಂತ್ರಿಕ ಶಕ್ತಿಯ ಮಕ್ಕಳ ಅನಾಥಾಲಯಗಳನ್ನು ತಪಾಸಣೆ ಮಾಡಿ ವರದಿ ಬರೆಯುವುದು ಕೆಲಸ. ಫೈಲು, ನಿಯಮಪುಸ್ತಕ, ಒಂಟಿ ಮನೆ, ಒಂದು ಬೆಕ್ಕು. ದ್ವೀಪದ ಅನಾಥಾಲಯಕ್ಕೆ ಹೋದಾಗ ಅದನ್ನು ನಡೆಸುವ ಆರ್ಥರ್ ಮೇಲೆ ಮೆಲ್ಲಗೆ ಮನಸ್ಸಾಗುತ್ತದೆ. ಅಡ್ಡ ನಿಂತಿರುವುದು ಲೈನಸ್‌ನ ವಿಧೇಯತೆ. ಸರ್ಕಾರಿ ಆಫೀಸು ನೋಡಿದವರಿಗೆಲ್ಲ ಅವನು ಪರಿಚಿತ. ಚುಂಬನಕ್ಕಿಂತ ಹೆಚ್ಚಿನದು ಇಲ್ಲಿಲ್ಲ. ಒಂದು ವಿಷಯ ಗೊತ್ತಿರಲಿ. ಕೆನಡಾದಲ್ಲಿ ಮೂಲನಿವಾಸಿ ಮಕ್ಕಳನ್ನು ಅವರ ಮನೆಗಳಿಂದ ಕಿತ್ತು ಬೇರೆಡೆ ಕೊಟ್ಟ ಇತಿಹಾಸ ಓದಿ ಈ ಕಥೆ ಹೊಳೆಯಿತು ಅಂತ ಲೇಖಕರು ಹೇಳಿದ್ದರು. ಅಂಥ ಕ್ರೌರ್ಯವನ್ನು ಇಷ್ಟು ಮುದ್ದಾದ ಕಥೆ ಮಾಡಬಹುದಾ ಅಂತ ಆಕ್ಷೇಪ ಬಂತು. ಆ ಆಕ್ಷೇಪದಲ್ಲಿ ಹುರುಳಿದೆ ಅಂತ ನನಗೂ ಅನಿಸುತ್ತದೆ. ಪುಸ್ತಕದ ಮೇಲಿನ ಪ್ರೀತಿಯೂ ಉಳಿದಿದೆ. ಎರಡನ್ನೂ ಇಟ್ಟುಕೊಂಡೇ ಓದಬಹುದು.

ಎವರಿನಾ ಮ್ಯಾಕ್ಸ್‌ವೆಲ್ ಅವರ ‘ವಿಂಟರ್ಸ್ ಆರ್ಬಿಟ್’ ಮಂತ್ರದ ಕಥೆಯಲ್ಲ, ಆಕಾಶಯಾನದ್ದು. ಆದರೂ ನಿಮಗೆ ಹತ್ತಿರ ಅನಿಸಬಹುದು, ಏಕೆಂದರೆ ಇದು ಹಿರಿಯರು ನೋಡಿ ಮಾಡಿದ ಮದುವೆ. ಎರಡು ಗ್ರಹಗಳ ಒಪ್ಪಂದ ಉಳಿಸಲು ಪೋಲಿ ರಾಜಕುಮಾರ ಕೀಮ್, ಗಂಡನನ್ನು ಕಳೆದುಕೊಂಡ ಜೈನನ್‌ನನ್ನು ಮದುವೆಯಾಗಬೇಕು. ಗಂಡು ಗಂಡನ್ನು ಮದುವೆಯಾಗುವುದು ಆ ಲೋಕದಲ್ಲಿ ಮಾಮೂಲು. ಮೈಮೇಲಿನ ಆಭರಣ ಯಾವ ವಸ್ತುವಿನದು ಅನ್ನುವುದರಿಂದ ಗಂಡು, ಹೆಣ್ಣು, ಎರಡೂ ಅಲ್ಲದವರು ಅಂತ ಗುರುತಿಸುತ್ತಾರೆ. ಹಾಗಾದರೆ ತೊಡಕೇನು? ಜೈನನ್‌ನ ಮೊದಲ ಮದುವೆ. ಸತ್ತ ಗಂಡ ಅವನನ್ನು ಹೇಗೆ ನಡೆಸಿಕೊಂಡಿದ್ದ ಅನ್ನುವುದು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಮದುವೆಯೊಳಗಿನ ಹಿಂಸೆ ಗಂಡು-ಹೆಣ್ಣಿನ ನಡುವೆ ಮಾತ್ರ ಆಗುವುದಲ್ಲ ಅಂತ ಅಷ್ಟು ಸ್ಪಷ್ಟವಾಗಿ ಬರೆದ ಪ್ರೇಮ ಕಾದಂಬರಿಗಳು ಕಮ್ಮಿ.

ಇದಕ್ಕೆ ಎದುರಾದ ದಾರಿ ಫ್ರೇಯಾ ಮಾರ್ಸ್ಕ್ ಅವರ ‘ಎ ಮಾರ್ವೆಲಸ್ ಲೈಟ್’. 1908ರ ಇಂಗ್ಲೆಂಡು, ಒಳಗೊಳಗೇ ಮಂತ್ರವಿದ್ಯೆಯ ಮನೆತನಗಳು. ಫಾರ್ಸ್ಟರ್ ಹೆದರಿದ ಅದೇ ಕಾನೂನು ಇಲ್ಲೂ ಇದೆ. ರಾಬಿನ್ ಮತ್ತು ಎಡ್ವಿನ್ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮೊದಲು ಎಷ್ಟು ಹುಷಾರಾಗಿ ಸುಳಿವು ಬಿಡುತ್ತಾರೆ ಅಂತ ನೋಡಿ. ಇದರಲ್ಲಿ ದೃಶ್ಯಗಳು ಸಾಕಷ್ಟು ಬಿಚ್ಚಾಗಿವೆ.

ತಾಶಾ ಸೂರಿ ಅವರ ‘ದ ಜಾಸ್ಮಿನ್ ಥ್ರೋನ್’ ಬಗ್ಗೆ ಬೇರೆ ರೀತಿ ಹೇಳಬೇಕು. ಬ್ರಿಟನ್ನಿನಲ್ಲಿ ಬೆಳೆದ ಪಂಜಾಬಿ ಮೂಲದ ಲೇಖಕಿ. 2021ರ ಈ ಕಾದಂಬರಿಗೆ ಮರುವರ್ಷ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಬಂತು. ಚಿತೆ ಏರಲು ಒಪ್ಪದ ರಾಜಕುಮಾರಿ ಮಾಲಿನಿಯನ್ನು ಅಣ್ಣನಾದ ಚಕ್ರವರ್ತಿ ಪಾಳುಬಿದ್ದ ಗುಡಿಯಲ್ಲಿ ಕೂಡಿಹಾಕಿದ್ದಾನೆ. ಅಲ್ಲಿ ಕೆಲಸಕ್ಕೆ ಬರುವ ಪ್ರಿಯಾ, ಒಂದು ಕಾಲದಲ್ಲಿ ಅದೇ ಗುಡಿಯ ಮಗು. ಒಬ್ಬಳು ಸಾಮ್ರಾಜ್ಯದವಳು, ಇನ್ನೊಬ್ಬಳು ಸಾಮ್ರಾಜ್ಯ ತುಳಿದ ನಾಡಿನವಳು. ಇಬ್ಬರೂ ಹೆಣ್ಣು ಅನ್ನುವುದಕ್ಕಿಂತ ಅಧಿಕಾರ ದೊಡ್ಡ ತೊಡಕು. ಪ್ರೀತಿ ಇದ್ದರೂ ನಂಬಿಕೆ ಇಡಲಾಗದ ಸ್ಥಿತಿ. ಹೆಸರುಗಳು, ಹೂವುಗಳು, ಗುಡಿಯ ಮೆಟ್ಟಿಲು, ಎಲ್ಲ ನಮ್ಮ ಕಣ್ಣಿಗೆ ಕಟ್ಟುವಂಥವು. ಆದರೆ ಇದು ಯುದ್ಧ, ರಾಜಕೀಯದ ದೊಡ್ಡ ಕಥೆ. ಪ್ರೇಮ ಅದರ ಬೆನ್ನೆಲುಬು, ಆದರೂ ಮೊದಲ ಸಂಪುಟದ ಕೊನೆಗೆ ಸುಖಾಂತ ಹುಡುಕಬೇಡಿ.

ನಿಮ್ಮ ಮಗಳ ವಯಸ್ಸಿನವರು ಚೀನಾದ ‘ಡಾನ್‌ಮೇ’ ಕಾದಂಬರಿಗಳನ್ನೂ ಓದುತ್ತಿರಬಹುದು. ಗಂಡಸರ ನಡುವಿನ ಪ್ರೇಮದ ಕಥೆಗಳು. ಮೊ ಶಿಯಾಂಗ್ ಟೊಂಗ್ ಶಿಯು ಅನ್ನುವ ಹೆಸರಿನಲ್ಲಿ ಬರೆಯುವ ಲೇಖಕಿಯ ಪುಸ್ತಕಗಳು 2021ರ ಡಿಸೆಂಬರ್‌ನಿಂದ ಇಂಗ್ಲಿಷಿನಲ್ಲಿ ಅಚ್ಚಾಗುತ್ತಿವೆ. ಇವು ಮೊದಲು ಅಂತರ್ಜಾಲದಲ್ಲಿ ಧಾರಾವಾಹಿಯಾಗಿ ಬಂದವು. ಅವುಗಳಲ್ಲೊಂದನ್ನು 2019ರಲ್ಲಿ ‘ದ ಅನ್‌ಟೇಮ್ಡ್’ ಅಂತ ಟೀವಿ ಸರಣಿ ಮಾಡಿದಾಗ ಸೆನ್ಸಾರಿಗಾಗಿ ಪ್ರೇಮವನ್ನು ಗೆಳೆತನ ಮಾಡಿ ತೋರಿಸಿದರು. ಉದ್ದುದ್ದ ಸಂಪುಟಗಳು, ನೂರಾರು ಹೆಸರುಗಳು. ಶುರು ಮಾಡಲು ಇವು ಬೇಡ.

ಫ್ಯಾಷನ್‌ಗೆ ಬರೆದದ್ದನ್ನು ಗುರುತಿಸುವುದು ಹೇಗೆ ಅಂತ ಕೇಳಿದ್ದೀರಿ. ಕೆಲವರು ಮೊದಲು ಲೇಖಕರ ಹಿನ್ನೆಲೆ ತಡಕುತ್ತಾರೆ: ಬರೆದವರು ಗೇನಾ, ಲೆಸ್ಬಿಯನ್ನಾ, ಟ್ರಾನ್ಸಾ ಅಂತ. ಅನುಭವಿಸಿದವರೇ ಬರೆದ ಪುಸ್ತಕಕ್ಕೆ ಬೆಲೆ ಇದ್ದೇ ಇದೆ, ಅಂಥವರಿಗೆ ಅವಕಾಶ ಸಿಗಬೇಕಾದದ್ದೂ ಹೌದು. ಆದರೆ ತಡಕುವುದು ಎಲ್ಲಿಗೆ ಮುಟ್ಟುತ್ತದೆ ನೋಡಿ. ಬೆಕಿ ಆಲ್ಬರ್ಟಾಲಿ 2015ರಲ್ಲಿ ಗೇ ಹುಡುಗನೊಬ್ಬನ ಕಥೆ ಬರೆದರು. ಮದುವೆಯಾದ ಹೆಂಗಸು ಇದನ್ನು ಯಾಕೆ ಬರೆಯಬೇಕು ಅಂತ ವರ್ಷಗಟ್ಟಲೆ ಟೀಕೆ ಕೇಳಿದರು. 2020ರಲ್ಲಿ ತಾವು ಬೈಸೆಕ್ಷುಯಲ್ ಅಂತ ಬಹಿರಂಗವಾಗಿ ಬರೆದರು. ಇಷ್ಟವಿದ್ದು ಹೇಳಿದ್ದಲ್ಲ, ಒತ್ತಡಕ್ಕೆ ಹೇಳಿದ್ದು ಅಂತಲೂ ಬರೆದರು. ನೀವು ಓದಿದ ಕಾದಂಬರಿಯಲ್ಲಿ ಅಲೆಕ್ಸ್‌ಗೂ ಹೆನ್ರಿಗೂ ಆದ ಅನ್ಯಾಯವೇ ಇದು. ಅದಕ್ಕೆ ನಾನು ಬರೆದವರನ್ನು ಬಿಟ್ಟು ಪುಟವನ್ನು ನೋಡಿ ಅನ್ನುತ್ತೇನೆ. ಆ ಪಾತ್ರಕ್ಕೆ ಕೆಲಸ, ಸಿಟ್ಟು, ಹಸಿವು, ಗೆಳೆಯರು ಇದ್ದಾರಾ? ಅಥವಾ ಬೇರೆಯವರಿಗೆ ಪಾಠ ಹೇಳಲು ಮಾತ್ರ ಬರುತ್ತಾಳಾ? ಟ್ರಾನ್ಸ್ ಪಾತ್ರವಾದರೆ, ಅಂದರೆ ಹುಟ್ಟಿದಾಗ ಹೇಳಿದ ಲಿಂಗ ತನ್ನದಲ್ಲ ಅನ್ನುವವರಾದರೆ, ಕಥೆ ಅವರ ದೇಹವನ್ನೇ ದಿಟ್ಟಿಸುತ್ತಾ ಕೂತಿದೆಯಾ? ಏಡನ್ ಥಾಮಸ್ ಅವರ ‘ಸೆಮೆಟರಿ ಬಾಯ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಟ್ರಾನ್ಸ್ ಹುಡುಗ ಯಾಡ್ರಿಯಲ್‌ನ ಮನೆತನಕ್ಕೆ ಸತ್ತವರ ಜೊತೆ ಮಾತಾಡುವ ವಿದ್ಯೆ ಇದೆ. ಪ್ರೇತಗಳನ್ನು ಬಿಡುಗಡೆ ಮಾಡುವ ಗಂಡುಮಕ್ಕಳ ವಿದ್ಯೆಯನ್ನು ಇವನಿಗೆ ಕೊಡಲು ಮನೆಯವರು ಒಪ್ಪುವುದಿಲ್ಲ. ತಾನೇ ಮಾಡಿ ತೋರಿಸುತ್ತೇನೆ ಅಂತ ಹೊರಟರೆ ಎದ್ದು ಬರುವುದು ಜೂಲಿಯನ್ ಅನ್ನುವ ತುಂಟ ಹುಡುಗನ ಪ್ರೇತ. ಆಮೇಲೆ ಅದು ಹೋಗು ಅಂದರೂ ಹೋಗುವುದಿಲ್ಲ.

ಬೆಡ್‌ರೂಮ್ ದೃಶ್ಯಗಳ ವಿಷಯ. ಮುಖಪುಟ ನಂಬಬೇಡಿ. ಈಗ ದೊಡ್ಡವರ ಪ್ರೇಮ ಕಾದಂಬರಿಗಳಿಗೂ ಬಣ್ಣಬಣ್ಣದ ಕಾರ್ಟೂನ್ ಮುಖಪುಟ ಹಾಕುತ್ತಾರೆ, ಮಕ್ಕಳ ಪುಸ್ತಕದಂತೆ ಕಾಣುತ್ತವೆ. ನೀವು ಓದಿದ್ದೂ ದೊಡ್ಡವರಿಗೆ ಬರೆದದ್ದೇ. ಹದಿಹರೆಯದವರ ಪುಸ್ತಕವಾದರೆ ‘ಯಂಗ್ ಅಡಲ್ಟ್’ ಅಂತ ವಿಭಾಗ ಹಾಕಿರುತ್ತಾರೆ. ಹಲವು ಲೇಖಕರು ಪುಸ್ತಕದ ಆರಂಭದಲ್ಲಿ ಅಥವಾ ತಮ್ಮ ವೆಬ್‌ಸೈಟಿನಲ್ಲಿ ಎಚ್ಚರಿಕೆಯ ಟಿಪ್ಪಣಿ ಕೊಡುತ್ತಾರೆ. ಸ್ಟೋರಿಗ್ರಾಫ್ ಅನ್ನುವ ಆ್ಯಪ್‌ನಲ್ಲಿ ಹಿಂಸೆ, ಲೈಂಗಿಕ ದೃಶ್ಯ, ಆತ್ಮಹತ್ಯೆ ಇಂಥವು ಎಷ್ಟಿವೆ ಅಂತ ಓದುಗರೇ ಗುರುತು ಹಾಕಿರುತ್ತಾರೆ. ಸಿ.ಎಸ್. ಪಕಾಟ್ ಅವರ ‘ಕ್ಯಾಪ್ಟಿವ್ ಪ್ರಿನ್ಸ್’ ಅಂತ ತುಂಬ ಹೆಸರಾದ ಸರಣಿ ಇದೆ, ಗುಲಾಮಗಿರಿ ಮತ್ತು ಲೈಂಗಿಕ ಹಿಂಸೆ ಜಾಸ್ತಿ. ಗೊತ್ತಿಲ್ಲದೆ ಕೈಗೆತ್ತಿಕೊಳ್ಳಬಾರದು.

ಶಾಲೆಯ ಮಕ್ಕಳಿಗೆ ‘ದ ಹೆನ್ನಾ ವಾರ್ಸ್’, ‘ಸೆಮೆಟರಿ ಬಾಯ್ಸ್’, ‘ಆ್ಯಶ್’ ಕೊಡಬಹುದು. ಆಲಿಸ್ ಓಸ್‌ಮನ್ ಅವರ ‘ಹಾರ್ಟ್‌ಸ್ಟಾಪರ್’ ಚಿತ್ರಗಳಲ್ಲೇ ಹೇಳಿದ ಕಾಮಿಕ್ಸ್ ಕಥೆ, ಇಂಗ್ಲಿಷ್ ಓದುವ ಅಭ್ಯಾಸ ಕಮ್ಮಿ ಇರುವ ಮಕ್ಕಳಿಗೂ ಸಲೀಸು. ಮುಂದಿನ ಸಂಪುಟಗಳಲ್ಲಿ ಊಟ ಬಿಡುವ ಕಾಯಿಲೆ, ಮೈಗೆ ಗಾಯ ಮಾಡಿಕೊಳ್ಳುವ ವಿಷಯ ಬರುತ್ತದೆ, ನೀವು ಮೊದಲು ಓದಿಕೊಳ್ಳಿ. ಬೆಂಜಮಿನ್ ಅಲೀರೆ ಸಾಯೆನ್ಸ್ ಅವರ ‘ಅರಿಸ್ಟಾಟಲ್ ಆ್ಯಂಡ್ ಡಾಂಟೆ ಡಿಸ್ಕವರ್ ದ ಸೀಕ್ರೆಟ್ಸ್ ಆಫ್ ದ ಯೂನಿವರ್ಸ್’ ಮಾತ್ರ ತಪ್ಪದೆ ಇಡಿ. 1987ರ ಟೆಕ್ಸಸ್‌ನಲ್ಲಿ ಇಬ್ಬರು ಮೆಕ್ಸಿಕನ್-ಅಮೆರಿಕನ್ ಹುಡುಗರು. ಅವರಲ್ಲೊಬ್ಬನಾದ ಅರಿಸ್ಟಾಟಲ್‌ಗೆ ತನ್ನ ಪ್ರೀತಿ ತನಗೇ ಅರ್ಥವಾಗುವುದಿಲ್ಲ. ಅದನ್ನು ಗುರುತಿಸಿ ಅವನಿಗೆ ಹೇಳುವವರು ಅವನ ಅಪ್ಪ ಅಮ್ಮನೇ. ಒಂದು ಹಲ್ಲೆಯ ಪ್ರಸಂಗ ಇದೆ, ಆದರೂ ಅಷ್ಟು ಅಕ್ಕರೆಯ ಅಪ್ಪ ಅಮ್ಮ ಪುಸ್ತಕಗಳಲ್ಲಿ ಸಿಗುವುದು ಅಪರೂಪ.

ಟೀಚರ್ ಆದ ನಿಮಗೆ ಒಂದು ಮಾತು. ಇಂಥ ಪುಸ್ತಕ ಕೇಳಿದ ಮಗುವನ್ನು ‘ಯಾಕೆ’ ಅಂತ ಕೇಳಬೇಡಿ. ಬೇರೆ ಪುಸ್ತಕಗಳ ಮಧ್ಯೆಯೇ ಇದೂ ಇರಲಿ, ತಾನೇ ಎತ್ತಿಕೊಳ್ಳಲಿ. ಮಗು ನಿಮ್ಮ ಹತ್ತಿರ ಏನಾದರೂ ಹೇಳಿಕೊಂಡರೆ ಸ್ಟಾಫ್ ರೂಮಿನಲ್ಲಾಗಲಿ ಮನೆಯವರ ಹತ್ತಿರವಾಗಲಿ ಬಾಯಿ ಬಿಡಬೇಡಿ. ಯಾರಿಗೆ, ಯಾವಾಗ ಹೇಳಬೇಕು ಅಂತ ಆ ಮಗುವೇ ತೀರ್ಮಾನಿಸಬೇಕು.

ಕನ್ನಡದಲ್ಲಿ ನೀವು ಓದಲೇಬೇಕಾದದ್ದು ವಸುಧೇಂದ್ರ ಅವರ ‘ಮೋಹನಸ್ವಾಮಿ’, 2013ರಲ್ಲಿ ಬಂದ ಕಥಾಸಂಕಲನ. 2016ರಲ್ಲಿ ಇಂಗ್ಲಿಷಿಗೂ ಹೋಯಿತು. ಇದು ಪ್ರೇಮ ಕಾದಂಬರಿಯ ಭರವಸೆ ಕೊಡುವ ಪುಸ್ತಕವಲ್ಲ. ಜೊತೆಗಿದ್ದ ಪ್ರೇಮಿ ಹುಡುಗಿಯನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿಗೆ ಆಗುವ ನೋವು ಓದಿ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಆದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಅನುವಾದ ಮಾಡಿಕೊಳ್ಳುತ್ತಾ ಓದುವ ಭಾವನೆಗಳು ಇಲ್ಲಿ ನಮ್ಮದೇ ಅಡುಗೆಮನೆಯ, ನಮ್ಮದೇ ಬೈಗುಳದ ಭಾಷೆಯಲ್ಲಿವೆ. ಟ್ರಾನ್ಸ್ ಬದುಕಿನ ಬಗ್ಗೆ ಎ. ರೇವತಿ ಅವರ ಆತ್ಮಕಥೆ ‘ಬದುಕು ಬಯಲು’, ದು. ಸರಸ್ವತಿ ಅವರ ಕನ್ನಡದಲ್ಲಿ ಇದೆ. ಪ್ರೀತಿಗಾಗಿ ರೇವತಿ ಎಷ್ಟು ಹಂಬಲಿಸಿದರು ಅನ್ನುವುದು ಅಲ್ಲಿ ಪುಟಪುಟದಲ್ಲೂ ಇದೆ. ಸಾಯಿಸುತೆಯವರ ಕಾದಂಬರಿಗಾಗಿ ಕಾಯುತ್ತಿದ್ದ ಓದುಗರಿಗೆ ದಾವಣಗೆರೆಯ ಇಬ್ಬರು ಹುಡುಗಿಯರ ಸುಖಾಂತದ ಕಥೆಯೂ ವಾರವಾರ ಸಿಗಬೇಕು ಅನ್ನುವುದು ನನ್ನ ದೊಡ್ಡ ಆಸೆ. ಬರೆಯುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ.

ಭಾರತದ್ದೇ ಇನ್ನೊಂದು ಬೇಕಾದರೆ ರೂತ್ ವನಿತಾ ಅವರ ‘ಮೆಮರಿ ಆಫ್ ಲೈಟ್’, 2020ರದ್ದು. ಹದಿನೆಂಟನೇ ಶತಮಾನದ ಕೊನೆಯ ಲಖನೌ, ಇಬ್ಬರು ಗಣಿಕೆಯರು, ಅವರ ಸುತ್ತ ಕವಿಗಳು. ನಿಧಾನ ಓದುವ ಪುಸ್ತಕ.

ಶುರು ಮಾಡುವ ಕ್ರಮ ಕೇಳಿದ್ದಿರಿ. ಮೊದಲು ದೇಥಾ ಅವರ ಕಥೆ, ಒಂದೇ ಕೂತಿನಲ್ಲಿ ಮುಗಿಯುತ್ತದೆ. ಆಮೇಲೆ ‘ಬಾಯ್‌ಫ್ರೆಂಡ್ ಮೆಟೀರಿಯಲ್’, ಅದರ ಹಿಂದೆ ‘ಸೆರೂಲಿಯನ್ ಸೀ’. ಫ್ಯಾಂಟಸಿ ಒಗ್ಗಿತು ಅನಿಸಿದರೆ ‘ವಿಂಟರ್ಸ್ ಆರ್ಬಿಟ್’. ಬೆಂಗಳೂರಿಗೆ ಬಂದಾಗ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಎರಡನ್ನೂ ನೋಡಿ, ಹಳೆಯ ಪ್ರತಿಗಳು ಕಮ್ಮಿ ಬೆಲೆಗೆ ಸಿಗುತ್ತವೆ. ‘ಜಾಸ್ಮಿನ್ ಥ್ರೋನ್’ ಕೊಳ್ಳುವುದಾದರೆ ಮೂರೂ ಸಂಪುಟ ಒಟ್ಟಿಗೆ ಕೊಳ್ಳಿ. 2024ರಲ್ಲಿ ಕೊನೆಯದು ಬಂದು ಕಥೆ ಪೂರ್ತಿಯಾಗಿದೆ, ಮೊದಲನೆಯದು ಮುಗಿಸಿದ ರಾತ್ರಿ ಎರಡನೆಯದು ಕೈಯಲ್ಲಿ ಇಲ್ಲದಿದ್ದರೆ ಕಷ್ಟ.